ಸಂಖ್ಯೆಗಳ ಸೋಪಾನ: ಅಮೆರಿಕದ ಹಿಸ್ಪ್ಯಾನಿಕ್ ಸಲಿಂಗಾನುರಾಗಿ ಪುರುಷರ ಎಚ್.ಐ.ವಿ. ಆರೈಕೆಯ ದಾಖಲೆಗಳನ್ನು ಕುರಿತು ಒಂದು ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದ ರೋಗನಿಯಂತ್ರಣ ಕೇಂದ್ರವು ಅಟ್ಲಾಂಟಾ ನಗರದಿಂದ ಹೊರಡಿಸುವ, ರೋಗಗಳನ್ನೂ ಮರಣಗಳನ್ನೂ ಕುರಿತ ವಾರದ ವರದಿಯು ಚರಿತ್ರೆಯ ಅಧ್ಯಾಪಕನ ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವ ಗ್ರಂಥವಲ್ಲ. ಅದರ ಭಾಷೆ ಒಣ ಭಾಷೆ. ಅದರ ಪುಟಗಳಲ್ಲಿ ಬರುವ ಮನುಷ್ಯರಿಗೆ ಹೆಸರಿಲ್ಲ. ವಯಸ್ಸು, ರೋಗಲಕ್ಷಣ, ಸೇರಿದ ಆಸ್ಪತ್ರೆಗಳ ಸಂಖ್ಯೆ ಇಷ್ಟೇ ಇರುತ್ತವೆ. ಆದರೂ ಏಡ್ಸ್ ರೋಗದ ಚರಿತ್ರೆಯನ್ನು ಬರೆಯಹೊರಟವರಿಗೆ ಅದೇ ಮೊದಲ ಆಕರ. ೧೯೮೧ನೆಯ ಇಸವಿ ಜೂನ್ ೫ರ ಸಂಚಿಕೆಯಲ್ಲಿ ಲಾಸ್ ಏಂಜಲಿಸ್ ನಗರದ ಐವರು ಯುವಕರಿಗೆ ಅಪರೂಪದ ಒಂದು ನ್ಯುಮೋನಿಯಾ ತಗುಲಿದ ವೃತ್ತಾಂತ ಅಚ್ಚಾಯಿತು. ಐವರೂ ಸಲಿಂಗಾನುರಾಗಿಗಳೆಂದು ವರದಿ ಹೇಳಿತು. ಇಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಅವರ ವಯಸ್ಸು ಅಲ್ಲಿ ನಮೂದಾಗಿದೆ. ಅವರು ಯಾವ ಜನಾಂಗದವರೆಂಬುದು ನಮೂದಾಗಿಲ್ಲ.

ಶಾಸನಪಾಠವನ್ನು ವಿದ್ಯಾರ್ಥಿಗಳ ಮುಂದಿಡುವಾಗ ನಾವು ಮೊದಲು ಕೇಳುವ ಪ್ರಶ್ನೆಗಳು ಮೂರು: ಇದನ್ನು ಬರೆಸಿದವರು ಯಾರು, ಯಾವ ಪ್ರಯೋಜನಕ್ಕಾಗಿ ಬರೆಸಿದರು, ಇದರಲ್ಲಿ ಹೇಳದೆ ಬಿಟ್ಟಿರುವುದು ಏನು. ವೈದ್ಯಕೀಯ ಅಂಕಿ ಅಂಶಗಳಿಗೂ ಇದೇ ಪ್ರಶ್ನೆಗಳನ್ನು ಹಾಕಬಹುದೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಹಿಸ್ಪ್ಯಾನಿಕ್ ಎಂದು ಎಣಿಸಲ್ಪಟ್ಟ, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳಿಂದ ಬಂದ ಅಥವಾ ಅಂತಹ ಮನೆತನಗಳಲ್ಲಿ ಹುಟ್ಟಿದ, ಸಲಿಂಗಾನುರಾಗಿ ಮತ್ತು ಉಭಯಾನುರಾಗಿ ಪುರುಷರು ಎಚ್.ಐ.ವಿ. ಆರೈಕೆಯಲ್ಲಿ ಹಿಂದೆ ಬಿದ್ದಿದ್ದಾರೆಂಬುದು ನಿರ್ವಿವಾದ. ವಿವಾದವಿರುವುದು ಕಾರಣದಲ್ಲಿ. ಮೂವತ್ತು ವರ್ಷಗಳಿಂದ ಪ್ರಕಟವಾಗುತ್ತಿರುವ ವಿವರಣೆಗಳಲ್ಲಿ ಅವರ ‘ಸಂಸ್ಕೃತಿ’ಗೆ ದೊರೆತಿರುವ ಸ್ಥಾನ ಆಧಾರಗಳು ಒಪ್ಪುವುದಕ್ಕಿಂತ ಬಹಳ ದೊಡ್ಡದು, ಕಾನೂನಿಗೆ ದೊರೆತಿರುವುದು ಬಹಳ ಚಿಕ್ಕದು. ಇದನ್ನು ಆ ದಾಖಲೆಗಳಿಂದಲೇ ತೋರಿಸಲು ಸಾಧ್ಯವಿದೆ.

೧೯೮೬ನೆಯ ಅಕ್ಟೋಬರ್ ೨೪ರ ಸಂಚಿಕೆಯಲ್ಲಿ, ರೋಗ ಕಾಣಿಸಿಕೊಂಡು ಐದು ವರ್ಷ ಕಳೆದ ಮೇಲೆ, ಕರಿಯರಲ್ಲಿಯೂ ಹಿಸ್ಪ್ಯಾನಿಕರಲ್ಲಿಯೂ ಏಡ್ಸ್ ಹರಡಿರುವ ಪ್ರಮಾಣ ಮೊದಲ ಬಾರಿಗೆ ಸವಿಸ್ತಾರವಾಗಿ ಪ್ರಕಟವಾಯಿತು. ಆ ವರ್ಷದ ಸೆಪ್ಟೆಂಬರ್ ೮ರ ವರೆಗೆ ವರದಿಯಾದ ೨೪,೫೭೬ ರೋಗಿಗಳಲ್ಲಿ ೩,೪೮೮ ಮಂದಿ, ಎಂದರೆ ನೂರಕ್ಕೆ ೧೪ರಷ್ಟು, ಹಿಸ್ಪ್ಯಾನಿಕರು. ದೇಶದ ಜನಸಂಖ್ಯೆಯಲ್ಲಿ ಅವರಾದರೋ ನೂರಕ್ಕೆ ೬ರಷ್ಟು ಮಾತ್ರ. ಈ ವರದಿಯ ಮಹತ್ತ್ವವನ್ನು ಅಲ್ಲಗಳೆಯಲಾಗದು. ಆದರೆ ಅದು ಓದುಗರ ಮನಸ್ಸಿನಲ್ಲಿ ಉಳಿಸಿದ ಚಿತ್ರ ಯಾವುದು? ಸೂಜಿಯ ಮೂಲಕ ಮಾದಕದ್ರವ್ಯ ತೆಗೆದುಕೊಳ್ಳುವವರು, ಅವರ ಮಡದಿಯರು, ಅವರ ಶಿಶುಗಳು: ಅಲ್ಪಸಂಖ್ಯಾತರ ಏಡ್ಸ್ ಎಂದರೆ ಇದೆಂಬ ಭಾವನೆ ನೆಲೆಗೊಂಡಿತು. ಸಲಿಂಗಾನುರಾಗಿಗಳ ಏಡ್ಸ್ ಎಂದರೆ ಬಿಳಿಯರದು ಎಂಬ ಭಾವನೆ ಅದಕ್ಕೆ ಮುಂಚೆಯೇ ಊರಿತ್ತು. ಹಿಸ್ಪ್ಯಾನಿಕನೂ ಸಲಿಂಗಾನುರಾಗಿಯೂ ಆದವನು ಎರಡು ಕಂಬಸಾಲುಗಳ ನಡುವಿನ ಸಂದಿಯಲ್ಲಿ ನಿಂತ. ಕೋಷ್ಟಕದಲ್ಲಿ ಅವನಿಗೊಂದು ಮನೆ ಇತ್ತು, ನಿಜ, ಕಾರ್ಯಯೋಜನೆಯಲ್ಲಿ ಇರಲಿಲ್ಲ. ನ್ಯೂಯಾರ್ಕಿನಲ್ಲಿ ೧೯೮೨ರಲ್ಲಿಯೇ ಸಲಿಂಗಾನುರಾಗಿ ಪುರುಷರ ಸಹಾಯಸಂಸ್ಥೆ ಹುಟ್ಟಿದ್ದರೂ ೧೯೮೫ರಲ್ಲಿ ಹಿಸ್ಪ್ಯಾನಿಕ್ ಏಡ್ಸ್ ಫೋರಂ ಎಂಬ ಇನ್ನೊಂದನ್ನು ಬೇರೆಯಾಗಿಯೇ ಕಟ್ಟಬೇಕಾಗಿ ಬಂದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಇನ್ನು ಆರೈಕೆಯ ವಿಷಯಕ್ಕೆ ಬರೋಣ. ೧೯೯೬ರಲ್ಲಿ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಳಕೆಗೆ ಬಂದಮೇಲೆ ಎಚ್.ಐ.ವಿ.ಯ ಚರಿತ್ರೆಯೇ ಎರಡು ಭಾಗವಾಗುತ್ತದೆ. ಅಂದಿನಿಂದ ಪ್ರಶ್ನೆ ಸೋಂಕನ್ನು ತಪ್ಪಿಸಿಕೊಳ್ಳುವುದೊಂದೇ ಅಲ್ಲ. ಸೋಂಕು ತಗುಲಿದವನು ವೈದ್ಯನನ್ನು ಕಾಣುವುದು, ಕಾಣುತ್ತಲೇ ಇರುವುದು, ದಿನವೂ ಔಷಧ ಸೇವಿಸುವುದು, ರಕ್ತದಲ್ಲಿ ವೈರಾಣು ಅಳತೆಗೆ ಸಿಕ್ಕದಷ್ಟು ಕುಗ್ಗುವುದು. ಈ ಹಂತಗಳನ್ನು ಒಂದು ಸೋಪಾನವಾಗಿ ಜೋಡಿಸಿ, ಯಾವ ಮೆಟ್ಟಿಲಲ್ಲಿ ಎಷ್ಟು ಜನ ಉದುರಿದರೆಂದು ಲೆಕ್ಕ ಹಾಕುವ ಕ್ರಮ ೨೦೧೧ರಲ್ಲಿ ಎಡ್ವರ್ಡ್ ಗಾರ್ಡ್ನರ್ ಮತ್ತು ಸಂಗಡಿಗರ ಪ್ರಬಂಧದಿಂದ ಪ್ರಸಿದ್ಧವಾಯಿತು. ದೇಶದಲ್ಲಿ ಎಚ್.ಐ.ವಿ. ಇರುವ ಎಲ್ಲರಲ್ಲಿ ಕಡೆಯ ಮೆಟ್ಟಿಲನ್ನು ಮುಟ್ಟಿದವರು ನೂರಕ್ಕೆ ೧೯ ಮಂದಿ ಮಾತ್ರವೆಂದು ಅವರು ಅಂದಾಜು ಮಾಡಿದರು. ಹಿಸ್ಪ್ಯಾನಿಕರ ಸೋಪಾನವನ್ನು ರೋಗನಿಯಂತ್ರಣ ಕೇಂದ್ರವು ೨೦೧೪ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ೨೦೧೦ರ ಲೆಕ್ಕದಂತೆ ನೂರಕ್ಕೆ ೮೦ ಮಂದಿ ವೈದ್ಯನ ಬಳಿ ಬಂದರು. ೫೪ ಮಂದಿ ಆರೈಕೆಯಲ್ಲಿ ಉಳಿದರು. ೪೪ ಮಂದಿಗೆ ಔಷಧ ಬರೆದುಕೊಟ್ಟಿತ್ತು. ೩೭ ಮಂದಿಯಲ್ಲಿ ವೈರಾಣು ಹತೋಟಿಗೆ ಬಂದಿತ್ತು. ಈ ಎಣಿಕೆಯಲ್ಲಿ ಸ್ತ್ರೀಯರೂ ಸೇರಿದ್ದಾರೆ. ಆದರೆ ಆ ಕಾಲದ ಹೊಸ ರೋಗಿಗಳಲ್ಲಿ ಬಹುಪಾಲು ಪುರುಷರೊಡನೆ ಸಂಗವಿದ್ದ ಪುರುಷರೇ ಆದ್ದರಿಂದ ನಮ್ಮ ವಿಷಯಕ್ಕೆ ಇದು ಸಲ್ಲುತ್ತದೆ.

ಈ ನಾಲ್ಕು ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಓದುವವರು ಒಂದು ಅಂಶವನ್ನು ಮರೆಯುತ್ತಾರೆ. ಮೊದಲನೆಯದು ಆ ಒಂದು ವರ್ಷದಲ್ಲಿ ರೋಗ ಪತ್ತೆಯಾದವರಿಗೆ ಸಂಬಂಧಿಸಿದ್ದು. ಉಳಿದವು ಹಿಂದಿನಿಂದ ರೋಗದೊಡನೆ ಬಾಳುತ್ತಿರುವ ಸಮಸ್ತರಿಗೆ ಸಂಬಂಧಿಸಿದವು. ಭಾಜಕವೇ ಬೇರೆ. ಮೇಲಾಗಿ ಎಲ್ಲ ಸಂಸ್ಥಾನಗಳ ಲೆಕ್ಕವೂ ಅದರಲ್ಲಿಲ್ಲ. ಪ್ರಯೋಗಾಲಯದ ಫಲಿತಾಂಶಗಳನ್ನು ಪೂರ್ಣವಾಗಿ ಒಪ್ಪಿಸುತ್ತಿದ್ದ ಪ್ರದೇಶಗಳದು ಮಾತ್ರ ಇದೆ. ‘ಆರೈಕೆಯಲ್ಲಿ ಉಳಿದವನು’ ಎಂಬುದಕ್ಕೆ ಅಲ್ಲಿನ ಅರ್ಥವೂ ವಿಚಿತ್ರ: ವರ್ಷದಲ್ಲಿ ಕಡೆಯಪಕ್ಷ ಎರಡು ರಕ್ತಪರೀಕ್ಷೆಗಳು, ಅವುಗಳ ನಡುವೆ ಮೂರು ತಿಂಗಳಾದರೂ ಅಂತರ, ಎರಡೂ ಅದೇ ಸರ್ಕಾರದ ದಫ್ತರಿಗೆ ತಲಪಿರಬೇಕು. ಸುಗ್ಗಿಯನ್ನು ಹಿಂಬಾಲಿಸಿ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುವ ಕೂಲಿಗಾರನೋ, ತಾಯಿಯ ಕಾಯಿಲೆಗೆಂದು ಮೆಕ್ಸಿಕೋಗೆ ಹೋಗಿ ಎಂಟು ತಿಂಗಳು ನಿಂತವನೋ ಅಲ್ಲಲ್ಲಿಯೇ ಔಷಧ ಪಡೆದಿದ್ದರೂ ಈ ಪುಸ್ತಕದಲ್ಲಿ ತಪ್ಪಿಹೋದವನು. ಸಂಚಾರವೇ ಜೀವನೋಪಾಯವಾಗಿರುವ ಜನರನ್ನು ಒಂದೇ ಕಡೆ ನಿಲ್ಲುವವರ ಅಳತೆಗೋಲಿನಿಂದ ಅಳೆದರೆ ಅಂತರ ಕಾಣದೆ ಇನ್ನೇನಾದೀತು?

ಇವೆಲ್ಲವನ್ನೂ ತಳ್ಳಿದರೂ ಒಂದು ಕಷ್ಟ ಉಳಿಯುತ್ತದೆ. ಕೇಂದ್ರದ ಪ್ರಕಟಣೆಗಳಲ್ಲಿ ಬಹುಕಾಲ ಈ ಕುಸಿತಕ್ಕೆ ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಬಡತನ, ಇಂಗ್ಲಿಷ್ ಬಾರದಿರುವುದು, ವಲಸೆಯ ಭಯ, ಅಪಮಾನ, ಪುರುಷತ್ವದ ಅಭಿಮಾನ ಅಥವಾ ‘ಮಚಿಸ್ಮೊ’ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಯಾವುದಕ್ಕೆ ಎಷ್ಟು ತೂಕವೆಂದು ಹೇಳಿಲ್ಲ. ಲಜ್ಜೆಯೂ ಗುಟ್ಟೂ ಮುಖ್ಯ ಕಾರಣಗಳಾಗಿದ್ದರೆ ಮನುಷ್ಯನು ಮೊದಲ ಮೆಟ್ಟಿಲಲ್ಲಿಯೇ ಹಿಂಜರಿಯಬೇಕು. ವೈದ್ಯನ ಮುಂದೆ ಮೊದಲ ಸಲ ಬಾಯಿಬಿಡುವುದೇ ಅಲ್ಲವೆ ಅತ್ಯಂತ ಲಜ್ಜೆಯ ಕೆಲಸ? ಆದರೆ ಪತ್ತೆಯಾದವರಲ್ಲಿ ಐವರಲ್ಲಿ ನಾಲ್ವರು ಬಂದಿದ್ದಾರೆ. ಉದುರಿರುವುದು ಅನಂತರದ ಮೆಟ್ಟಿಲುಗಳಲ್ಲಿ, ಅಂದರೆ ಹಣ, ವಿಮೆ, ರಜೆ, ವಾಹನಸೌಕರ್ಯ, ವಿಳಾಸ ಇವುಗಳ ಆವಶ್ಯಕತೆ ಪದೇ ಪದೇ ಬೀಳುವ ಸ್ಥಳದಲ್ಲಿ. ಇನ್ನೂ ಗಮನಾರ್ಹವಾದುದೆಂದರೆ, ಗಾರ್ಡ್ನರರ ಸೋಪಾನದಲ್ಲಿ ಇಡೀ ದೇಶದ ಜನರು ಉದುರಿರುವುದೂ ಇದೇ ಭಾಗದಲ್ಲಿ. ಸಮಸ್ತ ದೇಶಕ್ಕೆ ಸಾಮಾನ್ಯವಾದ ಒಂದು ಮುರುಕಿಗೆ ಒಂದು ಸಮುದಾಯದ ಗುಣಸ್ವಭಾವವನ್ನು ಕಾರಣವಾಗಿ ಹೇಳುವುದು ತರ್ಕಕ್ಕೆ ನಿಲ್ಲುವ ಮಾತಲ್ಲ. ಇದೇ ಕಾಲದಲ್ಲಿ, ೨೦೧೧ರಲ್ಲಿ, ಬಡರೋಗಿಗಳಿಗೆ ಔಷಧ ಒದಗಿಸುವ ಸರ್ಕಾರಿ ಸಹಾಯಯೋಜನೆಯ ಕಾಯುವವರ ಪಟ್ಟಿಯಲ್ಲಿ ೯,೦೦೦ಕ್ಕೂ ಮಿಕ್ಕಿ ಹೆಸರುಗಳಿದ್ದುವು. ಎಲ್ಲಕ್ಕಿಂತ ಉದ್ದನೆಯ ಪಟ್ಟಿ ಹಿಸ್ಪ್ಯಾನಿಕರು ಹೇರಳವಾಗಿರುವ ಫ್ಲಾರಿಡಾದ್ದು. ಔಷಧ ಬರೆಸಿಕೊಳ್ಳದವರ ಸಂಖ್ಯೆಯನ್ನು ಓದುವಾಗ ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದವರ ಓದು ಅರೆ ಓದು.

ಪರೀಕ್ಷೆಗೇ ಬಾರದವರು ಈ ಸೋಪಾನದ ಕೆಳಗೆ ನಿಂತಿದ್ದಾರಲ್ಲ, ಅವರನ್ನು ತಡೆದದ್ದು ಲಜ್ಜೆಯೇ ಇರಬಹುದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಅದಕ್ಕೆ ಉತ್ತರ ಕೋಷ್ಟಕಗಳಲ್ಲಿಲ್ಲ, ಶಾಸನಗಳಲ್ಲಿದೆ. ೧೯೫೨ರ ವಲಸೆ ಶಾಸನದಲ್ಲಿ ‘ಮನೋವಿಕಾರಿ ವ್ಯಕ್ತಿತ್ವ’ದವರಿಗೆ ಪ್ರವೇಶವಿಲ್ಲವೆಂದು ವಿಧಿಸಿತ್ತು, ೧೯೬೫ರಲ್ಲಿ ಅದಕ್ಕೆ ‘ಲೈಂಗಿಕ ವಿಕೃತಿ’ಯೂ ಸೇರಿತು. ಸಲಿಂಗಾನುರಾಗಿ ಪರದೇಶಿಗೆ ಬಾಗಿಲು ಮುಚ್ಚಿದ್ದ ಈ ವಿಧಿ ೧೯೯೦ರ ವರೆಗೆ ಇತ್ತು. ಅದು ತೆರವಾಗುವ ಮೊದಲೇ, ೧೯೮೭ರಲ್ಲಿ, ಎಚ್.ಐ.ವಿ. ಸೋಂಕು ಪ್ರವೇಶ ನಿಷೇಧದ ರೋಗಗಳ ಪಟ್ಟಿಗೆ ಬಂತು. ೧೯೯೩ರಲ್ಲಿ ಕಾಂಗ್ರೆಸ್ ಅದನ್ನು ಶಾಸನವಾಗಿಯೇ ಬಿಗಿಮಾಡಿತು. ೨೦೧೦ರ ಜನವರಿ ೪ರಂದು ಮಾತ್ರ ನಿಷೇಧ ಪೂರ್ಣವಾಗಿ ತೊಲಗಿತು. ಈ ಇಪ್ಪತ್ತೆರಡು ವರ್ಷಗಳಲ್ಲಿ ದೇಶದೊಳಗೇ ಇದ್ದು ಕಾಯಂ ನಿವಾಸದ ಪತ್ರಕ್ಕೆ ಅರ್ಜಿ ಹಾಕಿದವನೂ ರಕ್ತಪರೀಕ್ಷೆಗೆ ಒಳಗಾಗಬೇಕಾಗಿತ್ತು. ೧೯೮೬ರ ಶಾಸನದಂತೆ ತಮ್ಮ ವಾಸವನ್ನು ಕ್ರಮಬದ್ಧ ಮಾಡಿಸಿಕೊಳ್ಳಲು ಮುಂದೆ ಬಂದ ಲಕ್ಷಾಂತರ ಜನರಿಗೂ, ಅವರಲ್ಲಿ ಹೆಚ್ಚಿನವರು ಮೆಕ್ಸಿಕೋದವರು, ಈ ಪರೀಕ್ಷೆ ಬಂತು. ಸೋಂಕಿದ್ದರೆ ಅರ್ಜಿ ತಿರಸ್ಕೃತ. ಒಂದು ವಿನಾಯಿತಿ ಇತ್ತು: ಪೌರತ್ವವೋ ಕಾಯಂ ನಿವಾಸವೋ ಇರುವ ಪತಿ, ಪತ್ನಿ, ತಂದೆ, ತಾಯಿ, ಅಥವಾ ಮಗು ಇದ್ದವರು ರಿಯಾಯಿತಿ ಬೇಡಬಹುದಿತ್ತು. ಸಲಿಂಗಾನುರಾಗಿಯ ಸಂಗಾತಿಯನ್ನು ಆಗ ಕೇಂದ್ರ ಸರ್ಕಾರದ ಕಾನೂನು ಸಂಬಂಧಿಯೆಂದು ಒಪ್ಪುತ್ತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಆ ತೊಡಕನ್ನು ಬಿಡಿಸಿದ್ದು ೨೦೧೩ರಲ್ಲಿ, ನಿಷೇಧವೇ ಹೋಗಿ ಮೂರು ವರ್ಷವಾದಮೇಲೆ. ಆದುದರಿಂದ ಒಬ್ಬ ಹಿಸ್ಪ್ಯಾನಿಕ್ ವಲಸೆಗಾರನು ೧೯೯೫ರಲ್ಲಿ ಪರೀಕ್ಷೆಯಿಂದ ದೂರ ಉಳಿದಿದ್ದರೆ ಅದನ್ನು ಅಜ್ಞಾನವೆಂದೋ ಪುರುಷಾಭಿಮಾನವೆಂದೋ ಕರೆಯುವ ಮೊದಲು ಅವನು ಕಾನೂನನ್ನು ಸರಿಯಾಗಿ ಅರಿತಿದ್ದನೆಂದು ಹೇಳುವುದು ನ್ಯಾಯ.

೧೯೯೬ರ ವರ್ಷದ ವಿಪರ್ಯಾಸವನ್ನೂ ಇಲ್ಲಿ ಎತ್ತಿ ಹೇಳಬೇಕು. ಸಾಯುತ್ತಿದ್ದವರನ್ನು ಉಳಿಸುವ ಔಷಧ ಬಂದ ಅದೇ ವರ್ಷ ಜಾರಿಗೆ ಬಂದ ಕಲ್ಯಾಣಸುಧಾರಣೆಯ ಶಾಸನವು, ಸಕ್ರಮವಾಗಿ ಬಂದ ಹೊಸ ವಲಸೆಗಾರರಲ್ಲಿ ಹೆಚ್ಚಿನವರಿಗೆ ಬಡವರ ಸರ್ಕಾರಿ ವೈದ್ಯವಿಮೆಯಾದ ಮೆಡಿಕೈಡ್ ಅನ್ನು ಐದು ವರ್ಷ ನಿಷೇಧಿಸಿತು. ಅಕ್ರಮವಾಗಿ ಇದ್ದವರಿಗಂತೂ ತುರ್ತುಚಿಕಿತ್ಸೆಯೊಂದೇ ಗತಿ. ೨೦೧೦ರ ವಿಮಾಶಾಸನ ಕೂಡ ಅಕ್ರಮ ನಿವಾಸಿಗಳು ತಮ್ಮ ಸ್ವಂತ ಹಣದಿಂದಲೂ ಅದರ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳದಂತೆ ಮಾಡಿದೆ. ಟೆಕ್ಸಾಸ್ ಮತ್ತು ಫ್ಲಾರಿಡಾಗಳು ಮೆಡಿಕೈಡ್ ಅನ್ನು ಆ ಶಾಸನದಂತೆ ವಿಸ್ತರಿಸಲು ಒಪ್ಪಿಲ್ಲ. ಇಷ್ಟರ ನಡುವೆ ೧೯೯೦ರ ರಯನ್ ವೈಟ್ ಶಾಸನದಿಂದ ನಡೆಯುವ ಚಿಕಿತ್ಸಾಲಯಗಳು ಮಾತ್ರ ವಲಸೆಯ ಕಾಗದ ಕೇಳದೆ ಎಚ್.ಐ.ವಿ. ರೋಗಿಯನ್ನು ಒಳಗೆ ಬಿಟ್ಟುಕೊಂಡಿವೆ. ಸೋಪಾನದ ಮೊದಲ ಮೆಟ್ಟಿಲಿನ ೮೦ಕ್ಕೆ ಇದೂ ಒಂದು ಕಾರಣವಾಗಿರಬೇಕೆಂದು ನಮಗೆ ತೋರುತ್ತದೆ. ೨೦೧೯ರಲ್ಲಿ ಸರ್ಕಾರಿ ಸಹಾಯ ಪಡೆಯುವ ವಲಸೆಗಾರನನ್ನು ‘ಸಾರ್ವಜನಿಕ ಹೊರೆ’ಯೆಂದು ಎಣಿಸುವ ನಿಯಮವನ್ನು ಹಿಗ್ಗಿಸಿ ಪ್ರಕಟಿಸಿದರು. ೨೦೨೧ರಲ್ಲಿ ಅದು ರದ್ದಾಯಿತು. ಭಯವೂ ಅದೇ ದಿನ ರದ್ದಾಯಿತೆಂದು ನಂಬುವುದು ಕಷ್ಟ.

ಸಂಸ್ಕೃತಿಯ ಪಕ್ಷವನ್ನು ಹಿಡಿದವರ ಆಧಾರಗ್ರಂಥ ರಫೇಲ್ ಡಿಯಾಸ್ ಅವರು ೧೯೯೮ರಲ್ಲಿ ಪ್ರಕಟಿಸಿದ ಲಟಿನೋ ಸಲಿಂಗಾನುರಾಗಿ ಪುರುಷರನ್ನು ಕುರಿತ ಕೃತಿ. ಅದು ಘನವಾದ ಕೃತಿ. ಅದಕ್ಕೆ ಆಗಿರುವ ಅನ್ಯಾಯ ಅದರ ಓದುಗರಿಂದ. ಡಿಯಾಸ್ ಅವರು ಪುರುಷಾಭಿಮಾನ, ಸಲಿಂಗದ್ವೇಷ, ಕುಟುಂಬನಿಷ್ಠೆ, ಕಾಮದ ವಿಷಯದಲ್ಲಿ ಮೌನ ಇವುಗಳ ಜೊತೆಗೇ ಬಡತನವನ್ನೂ ಜನಾಂಗದ್ವೇಷವನ್ನೂ ಹೇಳಿದ್ದಾರೆ. ೨೦೦೧ರಲ್ಲಿ ಅವರೂ ಸಂಗಡಿಗರೂ ನ್ಯೂಯಾರ್ಕ್, ಮಯಾಮಿ, ಲಾಸ್ ಏಂಜಲಿಸ್‌ಗಳಲ್ಲಿ ೯೧೨ ಪುರುಷರನ್ನು ವಿಚಾರಿಸಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಈ ಎರಡೂ ಇವೆ. ಅನಂತರ ಬಂದವರು ಮೊದಲ ನಾಲ್ಕನ್ನು ಉಳಿಸಿಕೊಂಡರು. ಕಡೆಯ ಎರಡನ್ನು ಅಡಿಟಿಪ್ಪಣಿಗೆ ಇಳಿಸಿದರು. ಇದಕ್ಕಿಂತ ದೊಡ್ಡ ದೋಷ ಇನ್ನೊಂದುಂಟು. ಡಿಯಾಸರ ಪ್ರಶ್ನೆ ಸೋಂಕಿನ ಅಪಾಯವನ್ನು ಕುರಿತದ್ದು: ತಿಳಿವಳಿಕೆಯೂ ಸಂಕಲ್ಪವೂ ಇರುವ ಪುರುಷನು ಆ ಕ್ಷಣದಲ್ಲಿ ತನ್ನನ್ನು ತಾನು ಏಕೆ ಕಾಪಾಡಿಕೊಳ್ಳಲಾರ? ಚಿಕಿತ್ಸೆಯಲ್ಲಿ ಹತ್ತು ವರ್ಷ ನಿಲ್ಲುವ ಪ್ರಶ್ನೆ ಬೇರೆಯೇ ಜಾತಿಯದು. ಒಂದಕ್ಕೆಂದು ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದ್ದಾರೆ; ಯಾರೂ ಅಳತೆ ನೋಡಿಲ್ಲ. ವಲಸೆಗಾರನು ಅಂಧಕಾರದ ನಾಡಿನಿಂದ ಬೆಳಕಿನ ನಾಡಿಗೆ ಬಂದನೆಂಬ ಕಲ್ಪನೆಯನ್ನು ಹೆಕ್ಟರ್ ಕರಿಯೊ ಅವರು ಸ್ಯಾನ್ ಡಿಯೇಗೊದ ಮೆಕ್ಸಿಕನ್ ಸಲಿಂಗಾನುರಾಗಿಗಳನ್ನು ಕುರಿತ ೨೦೧೭ರ ಗ್ರಂಥದಲ್ಲಿ ಚೆನ್ನಾಗಿ ಅಲುಗಿಸಿದ್ದಾರೆ. ಮೆಕ್ಸಿಕೋ ನಗರದಲ್ಲಿ ಸಲಿಂಗ ವಿವಾಹ ೨೦೧೦ರಲ್ಲಿಯೇ ನಡೆಯತೊಡಗಿತ್ತು. ಅಮೆರಿಕದ ಎಲ್ಲ ಸಂಸ್ಥಾನಗಳಿಗೂ ಅದು ಬಂದದ್ದು ೨೦೧೫ರಲ್ಲಿ.

ಲಜ್ಜೆಯ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಸಾಕ್ಷ್ಯವನ್ನು ಸಾಹಿತ್ಯದಿಂದಲೂ ತರಬಹುದು. ಕ್ಯೂಬಾದ ಕಾದಂಬರಿಕಾರ ರೈನಾಲ್ಡೊ ಅರೇನಾಸ್ ತನ್ನ ಸ್ವಭಾವವನ್ನು ಮುಚ್ಚಿಟ್ಟವನಲ್ಲ. ಅದಕ್ಕಾಗಿ ತನ್ನ ದೇಶದಲ್ಲಿ ಸೆರೆಮನೆಯನ್ನೂ ಕಂಡವನು. ೧೯೮೦ರಲ್ಲಿ ಮರಿಯೆಲ್ ಬಂದರಿನಿಂದ ಹೊರಟ ದೋಣಿಗಳಲ್ಲಿ ಅಮೆರಿಕಕ್ಕೆ ಬಂದ. ೧೯೮೭ರಲ್ಲಿ ರೋಗ ಪತ್ತೆಯಾಯಿತು. ೧೯೯೦ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಅವನ ಮರಣಾನಂತರ ೧೯೯೨ರಲ್ಲಿ ಬೆಳಕು ಕಂಡ ಆತ್ಮಕಥೆಯ ಮೊದಲ ಪುಟಗಳಲ್ಲಿ ಅವನು ಆಸ್ಪತ್ರೆಯ ಬಾಗಿಲಲ್ಲಿ ತನಗೆದುರಾದ ಅಡ್ಡಿಯನ್ನು ಹೇಳುತ್ತಾನೆ. ಅದು ಗುಟ್ಟಲ್ಲ, ಪುರುಷಾಭಿಮಾನವಲ್ಲ. ಅವನಿಗೆ ವಿಮೆ ಇರಲಿಲ್ಲ. ಒಬ್ಬನ ಅನುಭವದಿಂದ ಸಾಮಾನ್ಯ ನಿಯಮ ಹುಟ್ಟದು. ಆದರೆ ಸಾಮಾನ್ಯ ನಿಯಮವೆಂದು ಹೇಳುವುದನ್ನು ಪ್ರಶ್ನಿಸಲು ಒಬ್ಬ ಸಾಕ್ಷಿಯಿದ್ದರೂ ಸಾಕು.

ಹಾಗಾದರೆ ಲಜ್ಜೆಯೂ ಮೌನವೂ ಇಲ್ಲವೇ ಇಲ್ಲವೆ? ಇವೆ, ಯಾವ ಸಮಾಜದಲ್ಲಿ ಇಲ್ಲ? ಕಾನೂನೇ ಸರ್ವಸ್ವವೆಂದು ಸಾಧಿಸಹೊರಟವರನ್ನು ಪೋರ್ಟೊರಿಕೊ ದ್ವೀಪದವರು ತಡೆದು ನಿಲ್ಲಿಸುತ್ತಾರೆ. ಅವರು ೧೯೧೭ರಿಂದಲೂ ಅಮೆರಿಕದ ಪೌರರು. ವಲಸೆಯ ಶಾಸನ ಅವರನ್ನು ಮುಟ್ಟದು. ಆದರೂ ಅವರ ಆರೈಕೆ ಸುಗಮವಾಗಿಲ್ಲ. ಆದರೆ ಅಲ್ಲಿಯೂ ಸಂಸ್ಕೃತಿಯ ಕಡೆಗೆ ಓಡುವ ಮೊದಲು, ದ್ವೀಪದ ಮೆಡಿಕೈಡಿಗೆ ವಾಷಿಂಗ್ಟನ್ನಿನಿಂದ ಬರುವ ಹಣಕ್ಕೆ, ಸಂಸ್ಥಾನಗಳಿಗಿಲ್ಲದ ಒಂದು ಮಿತಿಯನ್ನು ಕಾಂಗ್ರೆಸ್ ಹಾಕಿರುವುದನ್ನು ನೋಡಬೇಕು.

ಈ ಆರೈಕೆಯ ಲೆಕ್ಕಾಚಾರ ಕೇವಲ ಪಂಡಿತರ ಕಲಹವಾಗದಿರುವುದಕ್ಕೆ ಕಾರಣವಿದೆ. ವೈರಾಣು ಹತೋಟಿಯಲ್ಲಿರುವ ಮನುಷ್ಯನಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂಬುದು ಈಗ ಸ್ಥಿರಪಟ್ಟ ಸಂಗತಿ. ೨೦೧೧ರಲ್ಲಿ ಇದಕ್ಕೆ ದಾರಿ ತೋರಿದ ಮಹಾಪರೀಕ್ಷೆಯ ಕೇಂದ್ರಗಳಲ್ಲಿ ನಮ್ಮ ಚೆನ್ನೈ ಮತ್ತು ಪುಣೆಗಳೂ ಇದ್ದುವು. ಪುರುಷ ಜೋಡಿಗಳ ಮಟ್ಟಿಗೆ ೨೦೧೯ರಲ್ಲಿ ಯುರೋಪಿನ ೭೮೨ ಜೋಡಿಗಳ ಅಧ್ಯಯನ ಅದನ್ನು ಖಚಿತಪಡಿಸಿತು. ಒಂದು ದಾಟುವಿಕೆಯೂ ಕಂಡುಬರಲಿಲ್ಲ. ಎಂದಮೇಲೆ ಆರೈಕೆಯಿಂದ ಉದುರಿದ ಪ್ರತಿಯೊಬ್ಬನೂ ಮುಂದಿನ ವರ್ಷದ ಹೊಸ ಸೋಂಕಿನ ಅಂಕಿಯಲ್ಲಿ ಪರೋಕ್ಷವಾಗಿ ಕಾಣಿಸಿಕೊಳ್ಳುತ್ತಾನೆ. ಕೇಂದ್ರದ ಅಂದಾಜಿನಂತೆ ೨೦೧೦ರಲ್ಲಿ ಹಿಸ್ಪ್ಯಾನಿಕ್ ಸಲಿಂಗಾನುರಾಗಿ ಮತ್ತು ಉಭಯಾನುರಾಗಿ ಪುರುಷರಲ್ಲಿ ಹೊಸ ಸೋಂಕುಗಳು ೬,೪೦೦, ೨೦೧೬ರಲ್ಲಿ ೮,೩೦೦. ಬಿಳಿಯ ಸಲಿಂಗಾನುರಾಗಿಗಳಲ್ಲಿ ಇದೇ ಅವಧಿಯಲ್ಲಿ ಸಂಖ್ಯೆ ಇಳಿಯಿತು. ಸೋಂಕನ್ನು ಮುಂಚೆಯೇ ತಡೆಯುವ ಗುಳಿಗೆಗೆ ೨೦೧೨ರಲ್ಲಿ ಸಮ್ಮತಿ ದೊರೆತು ಹತ್ತು ವರ್ಷವಾದಾಗ, ೨೦೨೨ರಲ್ಲಿ, ಅದರಿಂದ ಪ್ರಯೋಜನ ಪಡೆಯಬಹುದಾದ ಬಿಳಿಯರಲ್ಲಿ ನೂರಕ್ಕೆ ೯೪ರಷ್ಟು ಮಂದಿಗೂ ಹಿಸ್ಪ್ಯಾನಿಕರಲ್ಲಿ ೨೪ರಷ್ಟು ಮಂದಿಗೂ ಅದು ದೊರೆತಿತ್ತು. ಔಷಧಾಲಯದ ದಾಖಲೆಗಳಲ್ಲಿ ಜನಾಂಗ ನಮೂದಾಗದವು ಬಹಳವಿದ್ದು ಅಂದಾಜಿನಿಂದ ತುಂಬಿದ ಅಂಕಿಗಳಿವು. ಆದರೂ ಇಷ್ಟು ದೊಡ್ಡ ಅಂತರವನ್ನು ಅಂದಾಜಿನ ದೋಷವೊಂದೇ ಹುಟ್ಟಿಸಲಾರದು. ಕಾರಣ ಸಂಸ್ಕೃತಿಯೆಂದು ತೀರ್ಮಾನಿಸಿದ ಅಧಿಕಾರಿ ಸ್ಪ್ಯಾನಿಷ್ ಭಾಷೆಯಲ್ಲಿ ಕರಪತ್ರ ಅಚ್ಚುಹಾಕಿಸುತ್ತಾನೆ. ಕಾರಣ ವಿಮೆಯೆಂದು ತೀರ್ಮಾನಿಸಿದವನು ಚಿಕಿತ್ಸಾಲಯವನ್ನು ಸಂಜೆಯ ಹೊತ್ತಿನಲ್ಲೂ ತೆರೆದಿಟ್ಟು ಹಣ ಕೇಳದೆ ಔಷಧ ಕೊಡಿಸಲು ದಾರಿ ಹುಡುಕುತ್ತಾನೆ. ಕರಪತ್ರಕ್ಕೆ ಖರ್ಚು ಕಡಿಮೆ.

ಕೊನೆಯದಾಗಿ, ಈ ಎಲ್ಲ ಲೆಕ್ಕಗಳಿಗೂ ತಳಹದಿಯಾದ ‘ಹಿಸ್ಪ್ಯಾನಿಕ್’ ಎಂಬ ಪದವನ್ನು ಕುರಿತು. ಜನಗಣತಿಯ ಕೋಷ್ಟಕಗಳು ನಮ್ಮಲ್ಲಿ ಜಾತಿಗಳ ಗೆರೆಗಳನ್ನು ಹೇಗೆ ಗಟ್ಟಿಮಾಡಿದುವೆಂಬುದನ್ನು ಬಲ್ಲವರಿಗೆ ಇದು ಹೊಸ ಕಥೆಯಲ್ಲ. ಸ್ಪ್ಯಾನಿಷ್ ಮೂಲದವರ ಅಂಕಿಗಳನ್ನು ಬೇರೆಯಾಗಿ ಸಂಗ್ರಹಿಸಬೇಕೆಂದು ೧೯೭೬ರಲ್ಲಿ ಶಾಸನವಾಯಿತು. ೧೯೭೭ರಲ್ಲಿ ಆಡಳಿತದ ಸೂತ್ರ ಬಂತು. ೧೯೮೦ರ ಜನಗಣತಿಯಲ್ಲಿ ಎಲ್ಲ ಮನೆಗಳಿಗೂ ಆ ಪ್ರಶ್ನೆ ಹೋಯಿತು. ರೋಗದ ಮೊದಲ ವರದಿಗೂ ಇದಕ್ಕೂ ಒಂದೇ ವರ್ಷದ ಅಂತರ. ಸೂಜಿಯಿಂದ ಸೋಂಕು ಹೆಚ್ಚಾಗಿದ್ದ ಪೋರ್ಟೊರಿಕೊದವರೂ, ಪುರುಷರ ನಡುವಣ ಸಂಗದಿಂದ ಹೆಚ್ಚಾಗಿದ್ದ ಮೆಕ್ಸಿಕೋದವರೂ, ಕ್ಯೂಬಾದಿಂದ ರಾಜಕೀಯ ಆಶ್ರಯ ಪಡೆದು ಬಂದವರೂ ಒಂದೇ ಮನೆಯೊಳಗೆ ಸೇರಿದರು. ಉಭಯಾನುರಾಗಿಯ ಸ್ಥಿತಿ ಇನ್ನೂ ಮಸುಕು: ‘ಪುರುಷರೊಡನೆ ಸಂಗವುಳ್ಳ ಪುರುಷರು’ ಎಂಬ ಒಂದೇ ಸಾಲಿನಲ್ಲಿ ಅವನೂ ಬರುವುದರಿಂದ, ಮನೆಯಲ್ಲಿ ಹೆಂಡತಿ ಮಕ್ಕಳಿರುವ ಅವನ ಆರೈಕೆಯ ಕಷ್ಟ ಯಾವ ಕೋಷ್ಟಕದಿಂದಲೂ ಬೇರ್ಪಟ್ಟು ಕಾಣದು. ೨೦೨೪ರ ಮಾರ್ಚಿಯಲ್ಲಿ ಆ ಸೂತ್ರವನ್ನು ಪರಿಷ್ಕರಿಸಿ ಜನಾಂಗದ ಪ್ರಶ್ನೆಯನ್ನೂ ಹಿಸ್ಪ್ಯಾನಿಕ್ ಮೂಲದ ಪ್ರಶ್ನೆಯನ್ನೂ ಒಂದುಗೂಡಿಸಿದರು. ಜೊತೆಗೆ ಮೆಕ್ಸಿಕನ್, ಪೋರ್ಟೊರಿಕನ್, ಕ್ಯೂಬನ್ ಮೊದಲಾದ ಒಳಭೇದಗಳನ್ನೂ ಸಾಮಾನ್ಯವಾಗಿ ಕೇಳಬೇಕೆಂದು ವಿಧಿಸಿದರು. ಆ ಕ್ರಮ ಆಸ್ಪತ್ರೆಗಳ ದಫ್ತರಿಗೆ ಇಳಿದಾಗ ಹಳೆಯ ಕೋಷ್ಟಕಗಳಿಗೂ ಹೊಸವಕ್ಕ‍ೂ ಹೋಲಿಕೆ ತಪ್ಪುತ್ತದೆ. ಅಂತರ ಕಿರಿದಾಗಿಯೋ ಹಿರಿದಾಗಿಯೋ ಕಂಡರೆ ಅದರಲ್ಲಿ ಎಷ್ಟು ರೋಗಿಯದು, ಎಷ್ಟು ನಮೂನೆಯ ಕಾಗದದ್ದು ಎಂಬುದನ್ನು ಮೊದಲು ಬೇರ್ಪಡಿಸಿಕೊಂಡೇ ಮುಂದಿನ ಸಂಶೋಧಕರು ಕೆಲಸ ಹಿಡಿಯಬೇಕಾಗುತ್ತದೆ.